ಮೂಳೆ ಕೂಡುವ ಕಾಲವೂ ಶ್ರವಣಾತೀತ ಧ್ವನಿಯೂ

ಮುರಿದ ಮೂಳೆ ಕೂಡಲು ಎಷ್ಟು ದಿನ ಬೇಕೆಂಬ ಪ್ರಶ್ನೆ ಮುಂಬಯಿಯಂಥ ದುಡಿಮೆಯ ನಗರದಲ್ಲಿ ಕೇವಲ ವೈದ್ಯರದಲ್ಲ. 1854ರಲ್ಲಿ ಇಲ್ಲಿ ಮೊದಲ ಹತ್ತಿಗಿರಣಿಯ ಸ್ಥಾಪನೆಯಾದ ಕಾಲದಲ್ಲಿ, ಕಾಲು ಮುರಿದು ಮಲಗಿದ ಕಾರ್ಮಿಕನಿಗೆ ಕೂಲಿಯನ್ನು ಕೊಡಿಸುವ ಶಾಸನವಿರಲಿಲ್ಲ. 1923ರ ಕಾರ್ಮಿಕ ಪರಿಹಾರ ಶಾಸನವೂ 1948ರ ನೌಕರರ ರಾಜ್ಯ ವಿಮಾ ಶಾಸನವೂ ಆ ಸಂಕಟವನ್ನು ಒಂದಿಷ್ಟು ತಗ್ಗಿಸಿದವು. ಆದರೆ ಗುಣವಾಗುವ ಕಾಲವನ್ನೇ ಮೊಟಕುಗೊಳಿಸಬಹುದೆ ಎಂಬ ಹಂಬಲ ಉಳಿದೇ ಇತ್ತು.

ಈ ಕಾಲದ ಲೆಕ್ಕ ನಮ್ಮಲ್ಲಿ ಪ್ರಾಚೀನವಾದುದು. ಎಳೆಯ ವಯಸ್ಸಿನಲ್ಲಿ ಸಂಧಿಯು ಒಂದು ತಿಂಗಳಿಗೆ ಸ್ಥಿರವಾಗುವುದೆಂದೂ, ನಡುವಯಸ್ಸಿನಲ್ಲಿ ಅದರ ಇಮ್ಮಡಿ, ಮುಪ್ಪಿನಲ್ಲಿ ಮುಮ್ಮಡಿ ಕಾಲ ಬೇಕೆಂದೂ ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನ ಹೇಳುತ್ತದೆ. ಅತ್ತಿ, ಅರಳಿ, ಮುತ್ತುಗ, ಆಲ ಮೊದಲಾದವುಗಳ ತೊಗಟೆಯನ್ನು ದಬ್ಬೆಯಾಗಿ ಕಟ್ಟಬೇಕು; ಆ ಕಟ್ಟನ್ನು ಚಳಿಗಾಲದಲ್ಲಿ 7, ಸಾಧಾರಣ ಋತುವಿನಲ್ಲಿ 5, ಬೇಸಗೆಯಲ್ಲಿ 3 ದಿನಗಳಿಗೊಮ್ಮೆ ಬದಲಿಸಬೇಕು. ಮೂಳೆಯನ್ನು ಅಲುಗದಂತೆ ಹಿಡಿದು ಕಾಯುವುದೇ ಇಲ್ಲಿನ ತತ್ತ್ವ.

ಕಾಯುವಿಕೆಗೆ ಧ್ವನಿಯ ನೆರವು ದೊರೆತೀತೆಂಬ ಆಲೋಚನೆ ಇಪ್ಪತ್ತನೆಯ ಶತಮಾನದ್ದು. ಕ್ಷಣಕ್ಕೆ ಸುಮಾರು 20,000 ಕಂಪನಗಳನ್ನು ಮೀರಿದ ಧ್ವನಿ ನಮ್ಮ ಕಿವಿಗೆ ಕೇಳದು. ಇದರ ಶಾಸ್ತ್ರೀಯ ಅಧ್ಯಯನದಲ್ಲಿ ಕನ್ನಡನಾಡಿಗೂ ಪಾಲುಂಟು: ಬೆಂಗಳೂರಿನಲ್ಲಿ 1935-36ರಲ್ಲಿ ಸಿ. ವಿ. ರಾಮನ್ ಮತ್ತು ಎನ್. ಎಸ್. ನಾಗೇಂದ್ರನಾಥರು ಈ ಅಲೆಗಳು ಬೆಳಕನ್ನು ಚದರಿಸುವ ಬಗೆಯನ್ನು ವಿವರಿಸಿದರು. 1952ರಲ್ಲಿ ಇಟಲಿಯ ಕೊರಾಡಿ ಮತ್ತು ಕೊಜೊಲಿನೊ ಮೊಲಗಳ ಮುರಿದ ಮೂಳೆಯ ಮೇಲೆ ಇಂಥ ಧ್ವನಿಯನ್ನು ಪ್ರಯೋಗಿಸಿ ನೋಡಿದರು. ಮರುವರ್ಷ, 1953ರಲ್ಲಿ, ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಭೌತಚಿಕಿತ್ಸೆಯ ಶಾಲೆ ಆರಂಭವಾಯಿತು. ಶಾಖ, ವಿದ್ಯುತ್ತು, ಧ್ವನಿಗಳಿಂದ ದೇಹವನ್ನು ಉಪಚರಿಸುವ ಈ ವಿದ್ಯೆಯಲ್ಲಿ ಶ್ರವಣಾತೀತ ಧ್ವನಿ ಮುಖ್ಯವಾಗಿ ಸ್ನಾಯು, ಅಸ್ಥಿಬಂಧಗಳಿಗೆ ಬಳಕೆಯಾಯಿತು. ಹೊಸ ಮುರಿತದ ಮೇಲೆ ಅದನ್ನು ಹಾಯಿಸಬಾರದೆಂಬ ಎಚ್ಚರವೂ ಇತ್ತು.

ಆ ಎಚ್ಚರವನ್ನು ಸಡಿಲಿಸಿದುದು ಬ್ರೆಜಿಲ್‌ನ ಡುವಾರ್ಟೆಯವರ 1983ರ ಸಂಶೋಧನೆ. ಅವರು ಆರಿಸಿಕೊಂಡುದು ತೀರ ಮಂದವಾದ, ಬಿಟ್ಟುಬಿಟ್ಟು ಮಿಡಿಯುವ ಧ್ವನಿ. ಇದೇ ಮಾರ್ಗದ ಉಪಕರಣ ಚದರ ಸೆಂಟಿಮೀಟರಿಗೆ 30 ಮಿಲಿವ್ಯಾಟ್ ಶಕ್ತಿಯಂತೆ ದಿನಕ್ಕೆ 20 ನಿಮಿಷ ಬಳಸುವಂಥದಾಯಿತು. 1994ರಲ್ಲಿ ಅಮೆರಿಕದ ಹೆಕ್‌ಮನ್ ಮತ್ತು ಸಂಗಡಿಗರು ಮೊಣಕಾಲ ಕೆಳಗಿನ 67 ಮುರಿತಗಳನ್ನು ಪರೀಕ್ಷಿಸಿ, ಸುಮ್ಮನೆ ಇರಿಸಿದ ಹುಸಿ ಉಪಕರಣದಿಂದ 154 ದಿನ ಹಿಡಿದುದು ನಿಜವಾದುದರಿಂದ 96 ದಿನಗಳಲ್ಲಿ ಮುಗಿಯಿತೆಂದು ಪ್ರಕಟಿಸಿದರು. ಉಳಿತಾಯ 58 ದಿನ. ಕೂಲಿಯವನ ಲೆಕ್ಕದಲ್ಲಿ ಎರಡು ತಿಂಗಳ ಅನ್ನ.

ಆದರೆ 2016ರಲ್ಲಿ ಪ್ರಕಟವಾದ, 501 ರೋಗಿಗಳನ್ನೊಳಗೊಂಡ ಪರೀಕ್ಷೆ ಈ ಆಸೆಯನ್ನು ಸಮರ್ಥಿಸಲಿಲ್ಲ. ಸಲಾಕೆ ತೂರಿಸಿ ಜೋಡಿಸಿದ ಕಾಲಿನ ಮೂಳೆಗಳು ಧ್ವನಿಯಿಂದ ಬೇಗ ಕೂಡಲಿಲ್ಲ. ರೋಗಿಗಳು ಬೇಗ ಚೇತರಿಸಿಕೊಳ್ಳಲೂ ಇಲ್ಲ. 2017ರಲ್ಲಿ ತಜ್ಞರ ಸಮಿತಿಯೊಂದು ಈ ಚಿಕಿತ್ಸೆ ಬೇಡವೆಂದೇ ದೃಢವಾಗಿ ಸೂಚಿಸಿತು. ಒಂಬತ್ತು ತಿಂಗಳಾದರೂ ಕೂಡದ ಉದ್ದಮೂಳೆಗಳಿಗೆ ಮಾತ್ರ ಬ್ರಿಟನ್ನಿನ ಸರಕಾರಿ ಆರೋಗ್ಯ ಸಂಸ್ಥೆ 2013ರಲ್ಲಿ ಸಮ್ಮತಿ ಕೊಟ್ಟಿತ್ತು.

ಇಷ್ಟರಿಂದ ಮೊದಲಿನವರ ಶ್ರಮ ವ್ಯರ್ಥವೆನ್ನಲಾಗದು. ಸಣ್ಣ ಪರೀಕ್ಷೆಯ ಭರವಸೆಯನ್ನು ದೊಡ್ಡ ಪರೀಕ್ಷೆಗೆ ಒಡ್ಡಿದುದೇ ವಿಜ್ಞಾನದ ಪ್ರಾಮಾಣಿಕತೆ. ಹೊಸ ಮುರಿತದ ಮಟ್ಟಿಗೆ ಸುಶ್ರುತ ಹೇಳಿದ ಕಾಯುವಿಕೆಯನ್ನು ಧ್ವನಿ ಮೊಟಕುಗೊಳಿಸಿದುದಕ್ಕೆ ಗಟ್ಟಿಯಾದ ಆಧಾರವಿಲ್ಲ. ಆದುದರಿಂದ ಆ ತಿಂಗಳುಗಳಲ್ಲಿ ಗಾಯಾಳುವಿನ ಮನೆಯ ಒಲೆ ಆರದಂತೆ ನೋಡಿಕೊಳ್ಳುವ ಪರಿಹಾರ, ವಿಮೆಗಳ ಮಹತ್ವ ಕಿಂಚಿತ್ತೂ ಕುಗ್ಗಿಲ್ಲ.