ಓದುವ ಮೊದಲೇ ಬಿದ್ದ ಸರಿ ಗುರುತು

ಉತ್ತರ ಪತ್ರಿಕೆಯಲ್ಲಿ ನಾವು ಅಧ್ಯಾಪಕರು ಸರಿ ಗುರುತು ಹಾಕುವುದು ಓದಿದ ಬಳಿಕ. ಗಣಕಯಂತ್ರದ ಲೋಕದಲ್ಲಿ ಬಹುಕಾಲ ಈ ಕ್ರಮ ತಿರುಗುಮುರುಗಾಗಿತ್ತು. ಒಂದು ತಂತ್ರಾಂಶವನ್ನು ಸ್ಥಾಪಿಸಹೊರಟರೆ, ಅದರೊಡನೆ ಮತ್ತೊಂದೂ ಬೇಕೆಂಬ ಚೌಕದಲ್ಲಿ ಸರಿ ಗುರುತು ಮೊದಲೇ ಬಿದ್ದಿರುತ್ತಿತ್ತು. ಅದನ್ನು ಗಮನಿಸದೆ ಮುಂದುವರಿದವನು ಒಪ್ಪಿದನೆಂದೇ ಲೆಕ್ಕ. ತಂತ್ರಾಂಶ ರಂಗದಲ್ಲಿರುವ ನನ್ನ ಹಳೆಯ ಶಿಷ್ಯರಿಗೆ ಇದು ಹೊಸ ಸಂಗತಿಯಲ್ಲ. ಬಂಧುಗಳಿಗಾಗಿ ತುಸು ವಿವರಿಸುತ್ತೇನೆ.

2013ರ ಆರಂಭದಲ್ಲಿ ಜಾವಾ ತಂತ್ರಾಂಶದಲ್ಲಿ ಗಂಭೀರವಾದ ಭದ್ರತಾ ದೋಷಗಳು ಕಂಡುಬಂದವು. ಅದರ ಒಡೆಯರಾದ ಒರಾಕಲ್ ಸಂಸ್ಥೆಯವರು ತುರ್ತಾಗಿ ತಿದ್ದುಪಡಿಗಳನ್ನು ಹೊರತಂದರು. ಆ ತಿದ್ದುಪಡಿಗಳ ಬೆನ್ನಿಗೇ ‘ಆಸ್ಕ್ ಟೂಲ್‌ಬಾರ್’ ಎಂಬುದೂ ಬರುತ್ತಿತ್ತು. ಬಂದು, ಬ್ರೌಸರಿನ ಹುಡುಕಾಟವನ್ನು ತನ್ನತ್ತ ತಿರುಗಿಸಿಕೊಳ್ಳುತ್ತಿತ್ತು. ಪತ್ರಕರ್ತ ಎಡ್ ಬಾಟ್ ಪರೀಕ್ಷಿಸಿ ಬರೆದಂತೆ, ಅದು ಕೂಡಲೇ ಒಳಸೇರದೆ 10 ನಿಮಿಷ ಕಾದಿರುತ್ತಿತ್ತು. ಅನುಮಾನಪಟ್ಟು ಆ ಕ್ಷಣವೇ ಹುಡುಕಿದವನಿಗೆ ಏನೂ ಸಿಗುತ್ತಿರಲಿಲ್ಲ! ಬಾಗಿಲಿನ ಬೀಗ ಸರಿಪಡಿಸಲು ಬಂದವನ ಹಿಂದೆಯೇ ಅಪರಿಚಿತನೊಬ್ಬ ಮನೆಹೊಕ್ಕಂತೆ ಇದು. ಕ್ಷೇಮಕ್ಕಾಗಿ ಮಾಡುವ ಕೆಲಸದಲ್ಲೇ ಇಂಥದ್ದು ಸೇರಿದರೆ, ತಿದ್ದುಪಡಿಯ ಸಹವಾಸವೇ ಬೇಡವೆಂದು ಜನ ಸುಮ್ಮನಾಗುವ ಅಪಾಯವಿತ್ತು. ಟೂಲ್‌ಬಾರಿಗಿಂತ ಇದೇ ದೊಡ್ಡ ಕೇಡು ಎಂದು ನನ್ನ ಎಣಿಕೆ.

ಆದರೂ ಅಲ್ಲಿ ಅವರು ತಮ್ಮದೇ ತಂತ್ರಾಂಶದ ಜತೆ ಈ ವ್ಯಾಪಾರ ನಡೆಸಿದ್ದರು. ಸೋರ್ಸ್‌ಫೋರ್ಜ್ ಕಥೆ ಬೇರೆ. 1999ರಲ್ಲಿ ಆರಂಭವಾದ ಈ ಜಾಲತಾಣ ಮುಕ್ತ ತಂತ್ರಾಂಶಗಳ ದೊಡ್ಡ ಉಗ್ರಾಣ. ಪ್ರತಿಫಲ ಬಯಸದೆ ದುಡಿದವರ ಕೃತಿಗಳನ್ನು ಲೋಕಕ್ಕೆ ಹಂಚಿ ಅದು ಹೆಸರು ಗಳಿಸಿತ್ತು. 2012ರಲ್ಲಿ ಒಡೆತನ ಬದಲಾಯಿತು. 2013ರಲ್ಲಿ ‘ಡೆವ್‌ಶೇರ್’ ಎಂಬ ಯೋಜನೆ ಬಂತು: ಒಪ್ಪಿದ ತಂಡಗಳ ತಂತ್ರಾಂಶದೊಡನೆ ಬೇರೆ ಸರಕನ್ನೂ ಕಟ್ಟಿಕೊಟ್ಟು, ಬಂದ ಹಣವನ್ನು ಹಂಚಿಕೊಳ್ಳುವುದು. ಚಿತ್ರಗಳನ್ನು ತಿದ್ದುವ ‘ಜಿಂಪ್’ ತಂಡಕ್ಕೆ ಇದು ಹಿಡಿಸಲಿಲ್ಲ. ಬರ್ಕ್‌ಲಿ ವಿಶ್ವವಿದ್ಯಾನಿಲಯದ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ಆರಂಭಿಸಿದ ಆ ತಂತ್ರಾಂಶದ ವಿಂಡೋಸ್ ಆವೃತ್ತಿಯನ್ನು, ಅದೇ ವರ್ಷ ನವೆಂಬರಿನಲ್ಲಿ, ಅವರು ಅಲ್ಲಿಂದ ಹೊರತಂದರು.

ಆದರೆ ಹಳೆಯ ಪುಟ ಅಲ್ಲೇ ಉಳಿದಿತ್ತು. 2015ರ ಮೇ ತಿಂಗಳಲ್ಲಿ ನೋಡಿದರೆ, ಒಡೆಯರು ಬಿಟ್ಟುಹೋದ ಮನೆ ಇದೆಂದು ಬಗೆದು ಸೋರ್ಸ್‌ಫೋರ್ಜ್‌ನವರು ಆ ಪುಟವನ್ನು ತಮ್ಮ ಸುಪರ್ದಿಗೆ ತೆಗೆದುಕೊಂಡಿದ್ದರು. ಜಿಂಪ್ ಹೆಸರಿನಲ್ಲೇ ಜಾಹೀರಾತಿನ ಸರಕು ಸುತ್ತಿದ ಕಡತವನ್ನು ಹಂಚುತ್ತಿದ್ದರು. ಇದನ್ನು ಒಲ್ಲೆನೆಂದು ಮನೆ ಬಿಟ್ಟವರ ಹೆಸರಿನಲ್ಲಿ ಅದನ್ನೇ ಮಾಡುವುದೆಂದರೇನು? ಇಳಿಸಿಕೊಂಡವನಾದರೋ ಬೈಯುವುದು ಜಿಂಪ್ ತಂಡವನ್ನೇ. ವರ್ಷಗಟ್ಟಲೆ ಸಂಬಳವಿಲ್ಲದೆ ದುಡಿದವರಿಗೆ ಗಳಿಕೆಯೆಂದಿದ್ದದ್ದು ಆ ಹೆಸರೊಂದೇ.

ತಂಡ ಬಹಿರಂಗವಾಗಿ ಪ್ರತಿಭಟಿಸಿತು. ಗದ್ದಲ ಎದ್ದ ಮೇಲೆ, ಅನುಮತಿಯಿಲ್ಲದೆ ಇನ್ನು ಹೀಗೆ ಮಾಡುವುದಿಲ್ಲವೆಂದು ಸೋರ್ಸ್‌ಫೋರ್ಜ್ ಹೇಳಿತು. 2016ರ ಜನವರಿಯಲ್ಲಿ ತಾಣ ಮತ್ತೆ ಕೈಬದಲಾಯಿತು. ಹೊಸ ಒಡೆಯರು ಮುಂದಿನ ತಿಂಗಳೇ ಡೆವ್‌ಶೇರ್ ಯೋಜನೆಯನ್ನು ಕೈಬಿಟ್ಟರು. ಜಿಂಪ್ ಮಾತ್ರ ತನ್ನ ಸ್ವಂತ ತಾಣದಲ್ಲೇ ನೆಲೆನಿಂತಿತು.