ನುಗ್ಗೆ: ಕೋಡು ಕಂಡವರು, ಸೊಪ್ಪು ಕಂಡವರು

ಮುಂಬಯಿಯ ಔಷಧದಂಗಡಿಗಳಲ್ಲಿ ಇತ್ತೀಚೆಗೆ ‘ಮೊರಿಂಗಾ’ ಎಂಬ ಹಸಿರು ಪುಡಿಯ ಡಬ್ಬಿಗಳು ಸಾಲುಗಟ್ಟಿವೆ. ಹೆಸರು ಕೇಳಿ ಅದನ್ನು ಪರದೇಶದ ಮೂಲಿಕೆಯೆಂದು ಭಾವಿಸುವವರುಂಟು. ಆದರೆ ಅದು ತಮಿಳಿನ ಮುರುಂಗೈ, ಮಲಯಾಳದ ಮುರಿಂಗ ಶಬ್ದಗಳಿಂದ ಹೊರಟ ಹೆಸರು. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಸ್ಥಳೀಯ ವೈದ್ಯರ ನೆರವಿನಿಂದ ಸಿದ್ಧಪಡಿಸಿದ, 1678ರಿಂದ 1693ರವರೆಗೆ ಆಂಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದಲ್ಲಿ ಈ ಮರವಿದೆ. 1785ರಲ್ಲಿ ಫ್ರೆಂಚ್ ವಿಜ್ಞಾನಿ ಲಾಮಾರ್ಕ್ ಇದನ್ನು ‘ಮೊರಿಂಗಾ ಓಲಿಫೆರಾ’ ಎಂದು ಕರೆದ. ಎಂದರೆ ಎಣ್ಣೆ ಕೊಡುವ ನುಗ್ಗೆ.

ಒಂದೇ ಮರದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಭಾಗ ಕಂಡಿದೆ. ಯುರೋಪಿನ ಗಡಿಯಾರದ ಕುಶಲಕರ್ಮಿಗಳಿಗೆ ಬೀಜದೆಣ್ಣೆ ಬೇಕಾಯಿತು. ಇಲ್ಲಿಗೆ ಬಂದ ಆಂಗ್ಲರು ಖಾರದ ಬೇರನ್ನು ತಮ್ಮ ಹಾರ್ಸ್‌ರ‍್ಯಾಡಿಶ್ ಗೆಡ್ಡೆಗೆ ಬದಲಾಗಿ ಬಳಸಿ, ಮರಕ್ಕೇ ಆ ಹೆಸರಿಟ್ಟರು. ಚರಕ ಸಂಹಿತೆ ಬೆವರಿಳಿಸಲು ನೆರವಾಗುವ ಹತ್ತು ದ್ರವ್ಯಗಳಲ್ಲಿ ಶೋಭಾಂಜನವನ್ನು, ಅಂದರೆ ನುಗ್ಗೆಯನ್ನು, ಎಣಿಸುತ್ತದೆ. ಸೊಪ್ಪಿನ ಬೆಲೆಯನ್ನು ಬಲ್ಲವರು ನಮ್ಮ ಹೆಂಗಸರು. ಅವರು ಗ್ರಂಥ ಬರೆಯಲಿಲ್ಲ, ಅಷ್ಟೆ.

ಮುಂಬಯಿಗೆ ಬಂದ ಕನ್ನಡಿಗರ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಸಂಸ್ಥೆಗಳ ಮೂಲಕ ಹೇಳುತ್ತೇವೆ: ಮಾಟುಂಗಾದಲ್ಲಿ 1926ರ ಮೈಸೂರು ಅಸೋಸಿಯೇಷನ್, 1942ರ ರಾಮ ನಾಯಕರ ಬೋರ್ಡಿಂಗ್. ಅಡುಗೆಮನೆಯ ಚರಿತ್ರೆ ಬೇರೆಯೇ ಇದೆ. ನುಗ್ಗೆಯ ಕೋಡು ಸಾಂಬಾರಿನ ಬೆನ್ನೇರಿ ಹೋಟೆಲಿಗೆ ಬಂದಿತು. ಬಿಡಿಸಲು ಹೊತ್ತು ಬೇಡುವ, ಬೇಗ ಬಾಡುವ ಸೊಪ್ಪು ಮನೆಯಲ್ಲೇ ಉಳಿಯಿತು. ತುಳುವರ ‘ನುರ್ಗೆ’, ಧಾರವಾಡದವರ ‘ನುಗ್ಗಿ’, ನೆರೆಮನೆಯ ಮರಾಠಿ ತಾಯಿಯ ‘ಶೇವಗಾ’ ಒಂದೇ ಮರದ ಕೆಳಗೆ ಸೇರಿದ್ದು ಹೀಗೆ. ಕೇಂದ್ರ ಸರಕಾರದ ವಸತಿಗಳಲ್ಲಂತೂ ವರ್ಗವಾಗಿ ಹೋದವರು ಊರಿದ ಕೊಂಬೆ ಹೊಸದಾಗಿ ಬಂದವರಿಗೆ ಪಲ್ಯವಾಗುತ್ತದೆ.

ಆ ಸೊಪ್ಪು ಸಾಮಾನ್ಯವಾದುದಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಕೋಷ್ಟಕದಂತೆ 100 ಗ್ರಾಂ ಹಸಿ ಸೊಪ್ಪಿನಲ್ಲಿ 6.7 ಗ್ರಾಂ ಪ್ರೋಟೀನು, 440 ಮಿಲಿಗ್ರಾಂ ಸುಣ್ಣಾಂಶ, 220 ಮಿಲಿಗ್ರಾಂ ಸಿ ಜೀವಸತ್ತ್ವವಿದೆ. ಕಣ್ಣಿಗೆ ಬೇಕಾದ ಎ ಜೀವಸತ್ತ್ವದ ಮೂಲದ್ರವ್ಯವೂ ಹೇರಳ. ಬೇಯಿಸಿದಾಗ ಸಿ ಜೀವಸತ್ತ್ವದ ಬಹುಪಾಲು ನಷ್ಟವಾಗುತ್ತದೆಂಬುದೂ ನಿಜ. ಬಾಣಂತಿಗೆ ಹಾಲು ಹೆಚ್ಚಲೆಂದು ಅಜ್ಜಿಯರು ಇದನ್ನು ಬಡಿಸಿದರು. ‘ಮಲುಂಗಾಯ್’ ಎಂದು ಕರೆಯುವ ಫಿಲಿಪ್ಪೀನ್ಸ್‌ನವರೂ ಅದನ್ನೇ ಮಾಡುತ್ತಾರೆ. ಆದರೆ ಬೇರು, ತೊಗಟೆಗಳು ಮನೆಮದ್ದಿಗೆ ತಕ್ಕವಲ್ಲ, ಗರ್ಭಿಣಿಯರಿಗಂತೂ ಅಪಾಯಕರ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಬಿಟ್ಟು ಪುಡಿಯನ್ನು ನಂಬುವುದನ್ನು ನಾವು ಒಪ್ಪಲಾರೆವು.

ನುಗ್ಗೆಯ ಕೊಂಬೆ ಬಲು ಪೆಡಸು, ಗಾಳಿಗೆ ಮುರಿಯುತ್ತದೆ. ಆದುದರಿಂದ ಮಳೆಗಾಲದ ಮುನ್ನ ನಮ್ಮ ವಸಾಹತುಗಳಲ್ಲಿ ಅದನ್ನು ಸವರುತ್ತಾರೆ. ಕಸದ ಲಾರಿ ಬರುವುದರೊಳಗೆ ಚೀಲ ಹಿಡಿದು ಕೆಳಗಿಳಿದು ಸೊಪ್ಪು ಸುಲಿದುಕೊಳ್ಳುವವರು ಈಗ ಹೆಚ್ಚಾಗಿ ಅರವತ್ತು ದಾಟಿದವರೇ. ಮೇಲಿನ ಮಹಡಿಗೆ ಅದೇ ಹೊತ್ತಿಗೆ ಡಬ್ಬಿಯ ಪಾರ್ಸೆಲ್ ಬರುತ್ತಿರುತ್ತದೆ.