ಕಾಶಿಯಾತ್ರೆಯ ಹಂಬಲವೂ ಅದರ ವೆಚ್ಚವೂ

ಸಾಯುವುದರೊಳಗೆ ಮಾಡಿ ಮುಗಿಸಬೇಕಾದ ಕೆಲಸಗಳ ಪಟ್ಟಿಗೆ ‘ಬಕೆಟ್ ಲಿಸ್ಟ್’ ಎಂಬ ಹೆಸರು ಜನಜನಿತವಾದದ್ದು 2007ರಲ್ಲಿ ಬಂದ ಅದೇ ಶೀರ್ಷಿಕೆಯ ಹಾಲಿವುಡ್ ಚಲನಚಿತ್ರದ ತರುವಾಯ; ಕನ್ನಡ ನಾಡಿನ ಹಲವು ಸಮುದಾಯಗಳಲ್ಲಾದರೋ ಅಂಥ ಪಟ್ಟಿಯ ತಲೆಯಲ್ಲಿ ಶತಮಾನಗಳ ಕಾಲ ನಿಂತಿದ್ದುದು ಒಂದೇ ಬಾಬು, ಕಾಶಿಗೆ ಹೋಗಿ ಬರುವುದು. ಈ ಹಂಬಲವನ್ನು ಭಕ್ತಿಯ ಇತಿಹಾಸದ ಅಧ್ಯಾಯವಾಗಿ ಮಾತ್ರ ನೋಡುವುದು ವಾಡಿಕೆ. ಆದರೆ ಯಾತ್ರಿಕನ ಸುಂಕವನ್ನು ಯಾರು ತೆತ್ತರು, ಅವನಿಗೆ ತಂಗಲು ಯಾರು ಛತ್ರ ಕಟ್ಟಿಸಿದರು, ದಾರಿಯನ್ನು ಯಾರು ಸುಗಮಗೊಳಿಸಿದರು ಎಂದು ಕೇಳುತ್ತ ಹೋದರೆ, ಇಷ್ಟು ಸ್ವಂತದ್ದೆಂದು ತೋರುವ ಬಯಕೆಯೊಂದು ಯಾವ ಕಾಲದಲ್ಲಿಯೂ ಒಬ್ಬನ ಕೈಗಂಟಿನಿಂದಲೇ ನೆರವೇರಿದ್ದು ಅಪರೂಪ ಎಂಬುದು ಕಂಡುಬರುತ್ತದೆ.

ಕಾಶಿಯನ್ನು ಎಂದೂ ನೋಡದವರ ಮನಸ್ಸಿನಲ್ಲಿಯೂ ಆ ಊರು ಎಷ್ಟು ಆಳವಾಗಿ ನೆಲೆಸಿತ್ತೆಂಬುದಕ್ಕೆ ಶಾಸನಗಳ ಶಾಪಾಶಯ ಭಾಗವೇ, ಅಂದರೆ ದಾನವನ್ನು ಕೆಡಿಸುವವರಿಗೆ ಬರುವ ಪಾಪವನ್ನೂ ಕಾಪಾಡುವವರಿಗೆ ದೊರೆಯುವ ಪುಣ್ಯವನ್ನೂ ಹೇಳುವ ಕೊನೆಯ ಸಾಲುಗಳೇ, ಸಾಕ್ಷಿ. ಕೆರೆಗೋ ದೇವಾಲಯಕ್ಕೋ ಬಿಟ್ಟ ಭೂಮಿಯನ್ನು ಅಪಹರಿಸಿದವನು ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು, ಅಂದರೆ ಹಸುಗಳನ್ನು, ಕೊಂದ ಪಾಪಕ್ಕೆ ಹೋಗುತ್ತಾನೆಂಬ ಎಚ್ಚರಿಕೆ ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಪಾಪಪುಣ್ಯಗಳನ್ನು ಅಳೆಯಲು ಹಳ್ಳಿಯ ಕಲ್ಲಿನ ಮೇಲೆ ಬಳಸಿದ ಮಾನದಂಡ ಬಹುದೂರದ ಗಂಗಾತೀರದ ಪಟ್ಟಣವಾಗಿತ್ತು.

ಬಯಕೆಯ ಖರ್ಚಿನ ಲೆಕ್ಕ ನೇರವಾಗಿ ಸಿಗುವುದು ಹೊಯ್ಸಳ ಮೂರನೆಯ ನರಸಿಂಹನ ಕಾಲದಲ್ಲಿ. 1194ರಲ್ಲಿ ಗಾಹಡವಾಲ ಜಯಚಂದ್ರನು ಸೋತ ಮೇಲೆ ಕಾಶಿಯು ದೆಹಲಿಯ ಸುಲ್ತಾನರ ಅಧೀನಕ್ಕೆ ಬಂದಿತ್ತು. ಅಲ್ಲಿನ ಹಿಂದೂಗಳ ಮೇಲೆ ವಿಧಿಸಲಾಗಿದ್ದ ತೆರಿಗೆಯನ್ನು ನರಸಿಂಹನ ದಾನಶಾಸನವು ತುರುಷ್ಕರ ತೆರಿಗೆಯೆಂದು ಕರೆಯುತ್ತದೆ. 1279ರಲ್ಲಿ ನರಸಿಂಹನು ಹೆಬ್ಬಾಲೆ ಗ್ರಾಮದ ವಾರ್ಷಿಕ ಹುಟ್ಟುವಳಿಯಾದ 645 ನಿಷ್ಕಗಳನ್ನು, ಅಂದರೆ ಚಿನ್ನದ ನಾಣ್ಯಗಳನ್ನು, ಈ ತೆರಿಗೆಯನ್ನು ತೆರುವುದಕ್ಕೂ ವಿಶ್ವೇಶ್ವರನ ಸೇವೆಗೂ ಬಿಟ್ಟುಕೊಟ್ಟನು. ಗಮನಿಸಬೇಕಾದ ಸಂಗತಿಯೆಂದರೆ, ಈ ದಾನದ ಫಲಾನುಭವಿಗಳು ಕನ್ನಡಿಗರಷ್ಟೇ ಆಗಿರಲಿಲ್ಲ. ತೆಲುಗರು, ತುಳುವರು, ಮಲೆಯಾಳದವರು ಮಾತ್ರವಲ್ಲದೆ ದೂರದ ತೀರಭುಕ್ತಿ (ಮಿಥಿಲೆ) ಮತ್ತು ಗೌಡ (ಬಂಗಾಳ) ದೇಶದವರೂ ಅದರೊಳಗೆ ಸೇರಿದ್ದರು. ತನ್ನ ಪ್ರಜೆಗಳಲ್ಲದವರ ಸುಂಕವನ್ನೂ ತನ್ನ ಒಂದು ಹಳ್ಳಿಯ ಬೆಳೆಯಿಂದ ತುಂಬಿಸಿದ ಈ ಅರಸನ ಉದಾರತೆ ದೊಡ್ಡದು; ಆದರೆ ಆ ಪುಣ್ಯಕ್ಕೆ ಬೆವರು ಸುರಿಸಿದವರು ಹೆಬ್ಬಾಲೆಯ ಒಕ್ಕಲುಗಳು, ಅವರಲ್ಲಿ ಒಬ್ಬನಾದರೂ ಗಂಗೆಯನ್ನು ಕಂಡನೇ ಎಂಬುದನ್ನು ಶಾಸನ ಹೇಳುವುದಿಲ್ಲ.

ಯಾತ್ರೆಯೆಂದರೆ ಒಂದು ಊರನ್ನು ನೋಡಿ ಬರುವುದಾಗಿರಲಿಲ್ಲ. ಪ್ರಯಾಗ, ಕಾಶಿ, ಗಯೆಗಳನ್ನು ಒಟ್ಟಾಗಿ ತ್ರಿಸ್ಥಳಿ ಎನ್ನುತ್ತಿದ್ದರು. ಅವುಗಳ ವಿಧಿಗಳನ್ನು ಹದಿನಾರನೆಯ ಶತಮಾನದಲ್ಲಿ ಕಾಶಿಯ ನಾರಾಯಣ ಭಟ್ಟನು ತನ್ನ ‘ತ್ರಿಸ್ಥಲೀಸೇತು’ವಿನಲ್ಲಿ ಕ್ರೋಡೀಕರಿಸಿದನು. ಗಯೆಯ ಪಿಂಡದಾನದಿಂದ ಪಿತೃಋಣ ತೀರುತ್ತದೆಂಬ ನಂಬಿಕೆಯೇ ಈ ಪ್ರಯಾಣದ ಬೆನ್ನೆಲುಬಾದ್ದರಿಂದ, ಅದು ಸುಖಕ್ಕಾಗಿ ಬಯಸಿದ್ದಕ್ಕಿಂತ ಸಾಲ ತೀರಿಸಲು ಹೊರಟದ್ದು ಎನ್ನುವುದೇ ಹೆಚ್ಚು ಸರಿ. ಗಯೆಯ ಅಕ್ಷಯವಟವೆಂಬ ಆಲದ ಮರದ ಬುಡದಲ್ಲಿ ಯಾತ್ರಿಕನು ತನಗೆ ಪ್ರಿಯವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಆಜೀವ ತ್ಯಜಿಸಬೇಕಿತ್ತು. ರಾಮೇಶ್ವರದ ಮರಳನ್ನು ಪ್ರಯಾಗದಲ್ಲಿ ವಿಸರ್ಜಿಸಿ, ಅಲ್ಲಿಂದ ತಂದ ಗಂಗೆಯಿಂದ ರಾಮೇಶ್ವರನಿಗೆ ಅಭಿಷೇಕ ಮಾಡಿಸಿದ ಮೇಲೆಯೇ ಪೂರ್ಣಯಾತ್ರೆ. ಊರಿಗೆ ಮರಳಿದವರು ಗಂಗಾಪೂಜೆ ಮಾಡಿ ನೆಂಟರಿಷ್ಟರಿಗೆ ಸಮಾರಾಧನೆಯ ಊಟ ಹಾಕಿಸಬೇಕಿತ್ತು; ಬೆಸುಗೆ ಹಾಕಿದ ತಾಮ್ರದ ಗಿಂಡಿಯಲ್ಲಿ ಉಳಿದ ಗಂಗೆ ಮನೆಯವರ ಕೊನೆಯ ಗುಟುಕಿಗೆ ಮೀಸಲಾಗಿ ದೇವರ ಗೂಡಿನಲ್ಲಿರುತ್ತಿತ್ತು. ಇನ್ನು ಮದುವೆಯಲ್ಲಿ ಕೊಡೆ, ಕೋಲು ಹಿಡಿದು ಕಾಶಿಗೆ ಹೊರಟು ನಿಂತ ವರನನ್ನು ಹೆಣ್ಣಿನ ಕಡೆಯವರು ತಡೆದು ಕರೆತರುವ ಶಾಸ್ತ್ರವು, ವಿದ್ಯಾಭ್ಯಾಸ ಮುಗಿಸಿದ ಸ್ನಾತಕನ ಮುಂದಿರುವ ಎರಡು ದಾರಿಗಳನ್ನು ತೋರಿಸುತ್ತದೆ: ಗೃಹಸ್ಥನಾಗುವವನು ಕಾಶಿಯನ್ನು ಮುಂದೂಡಲೇಬೇಕು. ಆ ಮುಂದೂಡಿಕೆ ಸಾಮಾನ್ಯವಾಗಿ ಮುಪ್ಪಿನವರೆಗೂ ಸಾಗುತ್ತಿತ್ತು.

ಈ ಹಂಬಲವನ್ನು ಎಲ್ಲರೂ ಒಪ್ಪಿದ್ದರೆಂದು ಭಾವಿಸಬಾರದು. ಹನ್ನೆರಡನೆಯ ಶತಮಾನದ ವಚನಕಾರರು ತೀರ್ಥಯಾತ್ರೆಯ ಫಲವನ್ನೇ ಪ್ರಶ್ನಿಸಿದರು. ಆದರೂ ವೀರಶೈವ ಪಂಚಪೀಠಗಳಲ್ಲೊಂದು ಇರುವುದು ಕಾಶಿಯ ಜಂಗಮವಾಡಿಯಲ್ಲಿಯೇ, ಮತ್ತು ಆ ಮಠಕ್ಕೆ ಭೂದಾನವನ್ನು ಸ್ಥಿರಪಡಿಸಿದ ಮೊಘಲ್ ಬಾದಶಹರ ಫರ್ಮಾನುಗಳು ಪ್ರಸಿದ್ಧವಾಗಿವೆ. ಹೋಗಲಾರದವರಿಗೆ ಅಗ್ಗದ ಉಪಾಯವೂ ಇತ್ತು: ನಂಜನಗೂಡು, ಗೋಕರ್ಣ ಮುಂತಾದ ಕ್ಷೇತ್ರಗಳು ದಕ್ಷಿಣ ಕಾಶಿಯೆನಿಸಿಕೊಂಡದ್ದಕ್ಕೆ ದೂರದ ದಾರಿಯ ಭಯ ಕಾರಣವಾಗಿರದೆ ಇಲ್ಲ.

ಆ ಭಯಕ್ಕೆ ಆಧಾರವಿತ್ತು. ಮದರಾಸಿನ ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯಾಗಿದ್ದ ಏನುಗುಲ ವೀರಾಸ್ವಾಮಿ 1830ರ ಮೇ ತಿಂಗಳಲ್ಲಿ ದೊಡ್ಡ ಪರಿವಾರದೊಡನೆ ಹೊರಟು, ಹೈದರಾಬಾದು, ನಾಗಪುರಗಳ ಮೂಲಕ ಕಾಶಿಯನ್ನು ಮುಟ್ಟಿ, ಗಯೆ, ಕಲ್ಕತ್ತೆಗಳನ್ನು ಸುತ್ತಿ ಮರಳಿದ್ದು 1831ರ ಸೆಪ್ಟೆಂಬರಿನಲ್ಲಿ. ಅವನ ತೆಲುಗು ದಿನಚರಿಯು ದಾರಿಯ ಮಜಲುಗಳನ್ನೂ ನೀರು, ದಿನಸಿ ಸಿಗುವ ತಾಣಗಳನ್ನೂ ಎಷ್ಟು ಎಚ್ಚರದಿಂದ ದಾಖಲಿಸುತ್ತದೆಯೆಂದರೆ, ಹಣವೂ ಅಧಿಕಾರಿಗಳ ಪರಿಚಯವೂ ಇದ್ದವನಿಗೇ ಯಾತ್ರೆ ಇಷ್ಟು ತ್ರಾಸದ್ದಾಗಿದ್ದರೆ ಬಡವನ ಪಾಡೇನು ಎಂದು ಊಹಿಸಬಹುದು. ಅಕ್ಬರನು 1563ರಲ್ಲಿ ತೆಗೆದುಹಾಕಿದ್ದ ಯಾತ್ರಾತೆರಿಗೆ ಮುಂದೆ ಮರಳಿ ಬಂದು, ಈಸ್ಟ್ ಇಂಡಿಯಾ ಕಂಪನಿಯ ಆಡಳಿತದಲ್ಲಿಯೂ ಪ್ರಯಾಗ ಮತ್ತು ಗಯೆಗಳಲ್ಲಿ ವಸೂಲಾಗುತ್ತಿದ್ದು, 1840ರ ಕಾಯಿದೆಯಿಂದ ರದ್ದಾಯಿತು. ರದ್ದತಿಗೆ ಒತ್ತಾಯಿಸಿದವರಲ್ಲಿ ಕ್ರೈಸ್ತ ಮಿಷನರಿಗಳು ಮುಂಚೂಣಿಯಲ್ಲಿದ್ದರು. ವಿಗ್ರಹಾರಾಧನೆಯ ಹಣ ಸರ್ಕಾರದ ಖಜಾನೆಗೆ ಸೇರಬಾರದೆಂಬ ಅವರ ತಕರಾರು ಕೊನೆಗೆ ಯಾತ್ರಿಕನಿಗೇ ಅನುಕೂಲವಾದದ್ದು ಇತಿಹಾಸದ ಒಂದು ವಿನೋದ.

ಉಳಿದದ್ದನ್ನು ರೈಲು ಮಾಡಿತು. 1870ರಲ್ಲಿ ಮುಂಬಯಿಯಿಂದ ಅಲಹಾಬಾದಿನ ಮೂಲಕ ಕಲ್ಕತ್ತೆಗೆ, 1871ರಲ್ಲಿ ರಾಯಚೂರಿನ ಮೂಲಕ ಮುಂಬಯಿಯಿಂದ ಮದರಾಸಿಗೆ ಹಳಿ ಕೂಡಿದವು. 1887ರಲ್ಲಿ ಕಾಶಿಯ ಬಳಿ ಗಂಗೆಗೆ ಸೇತುವೆಯಾಯಿತು. 1914ರಲ್ಲಿ ಪಾಂಬನ್ ಸೇತುವೆ ರಾಮೇಶ್ವರವನ್ನೂ ಜೋಡಿಸಿತು. ವರ್ಷದ ಪ್ರಯಾಣ ದಿನಗಳಿಗೆ ಇಳಿದಾಗ, ಮೂರನೆಯ ದರ್ಜೆಯ ಟಿಕೆಟ್ಟಿನ ಹಣ ಕೂಡಿಟ್ಟ ರೈತರಿಗೂ ವಿಧವೆಯರಿಗೂ ಕಾಶಿ ಕೈಗೆಟುಕಿತು. ಹೊರಡುವ ಮುನ್ನ ಮನೆಯವರಿಗೆಲ್ಲ ಕೊನೆಯ ವಿದಾಯ ಹೇಳುವ ಪದ್ಧತಿ ಅಲ್ಲಿಂದ ಮುಂದೆ ಅರ್ಥ ಕಳೆದುಕೊಂಡಿತು.

ಸಾರ್ವಜನಿಕ ಹಣದ ಪಾತ್ರ ಮಾತ್ರ ನಿಲ್ಲಲಿಲ್ಲ. ಮೈಸೂರು ಸಂಸ್ಥಾನವು ಕಾಶಿಯಲ್ಲಿ ಛತ್ರವನ್ನು ನಡೆಸಿತು, ಅದರ ಎದುರಿನ ಗಂಗೆಯ ಮೆಟ್ಟಿಲುಗಳು ಇಂದು ಕರ್ನಾಟಕ ಘಾಟ್ ಎನಿಸಿವೆ. 2022ರಲ್ಲಿ ಕರ್ನಾಟಕ ಸರ್ಕಾರವು ಕಾಶಿಗೆ ಹೋಗಿಬಂದ ಯಾತ್ರಿಕನಿಗೆ ತಲಾ 5,000 ರೂಪಾಯಿಯ ಸಹಾಯಧನವನ್ನು ಘೋಷಿಸಿತು. ಅದೇ ವರ್ಷದ ನವೆಂಬರ್ 11ರಂದು ಬೆಂಗಳೂರಿನಿಂದ ಭಾರತ್ ಗೌರವ್ ಕಾಶಿ ದರ್ಶನ ರೈಲು ಹೊರಟಿತು.

ಅರಸರ ದಾನಗಳು ಕಲ್ಲಿನಲ್ಲಿ ಉಳಿದು ಶಾಸನ ಸಂಪುಟಗಳಲ್ಲಿ ಅಚ್ಚಾಗಿವೆ. ಯಾತ್ರೆ ಮಾಡಿದ ಸಾಮಾನ್ಯರ ಹೆಸರು, ಊರು, ಪೀಳಿಗೆಗಳು ಇರುವುದಾದರೋ ಕಾಶಿ, ಗಯೆಗಳ ಪಂಡಾಗಳು, ಅಂದರೆ ವಂಶಪಾರಂಪರ್ಯದ ತೀರ್ಥಪುರೋಹಿತರು, ಬರೆದಿಟ್ಟ ಬಹಿಗಳೆಂಬ ಉದ್ದನೆಯ ಲೆಕ್ಕಪುಸ್ತಕಗಳಲ್ಲಿ. ಆ ಕಾಗದಗಳು ಜೀರ್ಣವಾಗುವ ಮೊದಲೇ ಕನ್ನಡ ನಾಡಿನ ಮನೆತನಗಳ ದಾಖಲೆಗಳನ್ನು ಗುರುತಿಸಿ ಪ್ರತಿ ಮಾಡಿಸುವ ಕೆಲಸವನ್ನು ಇಲ್ಲಿನ ವಿಶ್ವವಿದ್ಯಾಲಯಗಳು ಕೈಗೆತ್ತಿಕೊಳ್ಳಬೇಕು.